ಹಾಲುಹಲ್ಲಿನ ಬೇರು ಅಳೆಯುತ್ತ ಕಲಿತದ್ದು

‘ಬಿದ್ದುಹೋಗೋ ಹಲ್ಲಿಗೆ ರೂಟ್ ಕೆನಾಲ್ ಯಾಕೆ ಡಾಕ್ಟ್ರೇ?’ ಎಂದು ತಾಯಂದಿರು ಕೇಳುತ್ತಾರೆ. ಎರಡನೇ ಹಾಲುದವಡೆ ಹಲ್ಲು ಬೀಳುವುದು 10ರಿಂದ 12ನೇ ವಯಸ್ಸಿಗೆ. ಅಲ್ಲಿಯವರೆಗೆ ಅಗಿಯಲೂ ಅದೇ ಬೇಕು, ಅಡಿಯಲ್ಲಿರುವ ಶಾಶ್ವತ ಹಲ್ಲಿಗೆ ಜಾಗ ಕಾಯಲೂ ಅದೇ ಬೇಕು. ಅದಕ್ಕೇ ರೂಟ್ ಕೆನಾಲ್; ಅದು ಸರಿಯಾಗಲು ಬೇರಿನೊಳಗಿನ ನಾಳದ ಉದ್ದ ಸರಿಯಾಗಿ ಸಿಗಬೇಕು.

1. ಎಕ್ಸ್-ರೇಯ ತುದಿಯೇ ನಾಳದ ತುದಿಯಲ್ಲ.
ಮೊದಮೊದಲು ನಾನು ಎಕ್ಸ್-ರೇ ಒಂದನ್ನೇ ನಂಬುತ್ತಿದ್ದೆ. ಹಾಲುಹಲ್ಲಿನ ಬೇರು ಸಮನಾಗಿ ಕರಗುವುದಿಲ್ಲ; ಶಾಶ್ವತ ಹಲ್ಲಿನ ಮೊಗ್ಗಿನ ಕಡೆಗಿರುವ ಬದಿ ಮೊದಲು ಸವೆಯುತ್ತದೆ. ಚಿತ್ರದಲ್ಲಿ ಪೂರ್ತಿ ಕಂಡ ಬೇರೊಂದರಲ್ಲಿ ನಾನು ತುಂಬಿದ ಜಿಂಕ್ ಆಕ್ಸೈಡ್ ಯೂಜಿನಾಲ್ ಪೇಸ್ಟು ತುದಿಯಾಚೆ ದಾಟಿತು. ಬೇರು ಕರಗುವಷ್ಟು ಬೇಗ ಅದು ಕರಗುವುದಿಲ್ಲ. ನಾಳದ ತುದಿಯನ್ನು ವಿದ್ಯುತ್ತಿನಿಂದ ಪತ್ತೆಹಚ್ಚುವ ಯಂತ್ರವಾದ ಅಪೆಕ್ಸ್ ಲೊಕೇಟರ್ ಬಳಸಲು ಕಲಿಯಲು ಕೂತದ್ದು ಆಮೇಲೆ.

2. ನಾಳದಲ್ಲಿ ತೇವವಿರಲಿ, ಹಲ್ಲಿನಲ್ಲಿ ಕೊರೆದ ಗುಂಡಿಯಲ್ಲಿ ನೀರು ನಿಲ್ಲದಿರಲಿ.
ಬೇರಿನ ಸುತ್ತಲ ಪೊರೆಗೂ ಬಾಯಿಯ ಒಳಪದರಕ್ಕೂ ನಡುವಿನ ವಿದ್ಯುತ್ ರೋಧ ಹೆಚ್ಚುಕಡಿಮೆ ಸ್ಥಿರವೆಂದು ಜಪಾನಿನ ಸುಜುಕಿ 1942ರಲ್ಲಿ ಕಂಡುಕೊಂಡರು; 1962ರಲ್ಲಿ ಸುನಾಡಾ ಅದನ್ನು ನಾಳ ಅಳೆಯಲು ಬಳಸಿದರು. ಈಗಿನ ಯಂತ್ರಗಳು ಬೇರೆ ಬೇರೆ ಆವರ್ತನಗಳನ್ನು ಹೋಲಿಸುವುದರಿಂದ ಒದ್ದೆ ನಾಳದಲ್ಲೂ ನಡೆಯುತ್ತವೆ. ಆದರೆ ಮೇಲೆ ರಕ್ತವೋ ಎಂಜಲೋ ತುಂಬಿದರೆ, ನಾಳಕ್ಕಿಳಿಸುವ ತೆಳು ಉಪಕರಣವಾದ ಫೈಲು ಲೋಹಕ್ಕೆ ತಗುಲಿದರೆ, ಕರೆಂಟು ಅಡ್ಡದಾರಿ ಹಿಡಿದು ತುದಿ ಬಂತೆಂದು ಬೇಗನೆ ಸದ್ದಾಗುತ್ತದೆ. ಈಗ ಎಂಜಲು ತಡೆಯುವ ರಬ್ಬರ್ ಡ್ಯಾಮ್ ಹಾಕಿ, ಗುಂಡಿಯನ್ನು ಹತ್ತಿಯಿಂದ ಒರೆಸಿಯೇ ಅಳೆಯುತ್ತೇನೆ.

3. ಪರದೆಯ ಅಂಕಿ ಮಿಲಿಮೀಟರ್ ಅಲ್ಲ.
‘1’ ಎಂದರೆ ಇನ್ನೊಂದು ಮಿಲಿಮೀಟರ್ ಬಾಕಿ ಎಂದುಕೊಂಡಿದ್ದೆ. ಅದು ಬರೀ ಅಂದಾಜು. ನಂಬಬೇಕಾದದ್ದು ‘ಅಪೆಕ್ಸ್’ ಗುರುತನ್ನು. ನಾಳಕ್ಕೆ ಹೊಂದುವ ಫೈಲನ್ನು ಮೆಲ್ಲಗೆ ಅಲ್ಲಿವರೆಗೆ ಇಳಿಸಿ, ಫೈಲಿನ ಮೇಲೆ ಜಾರುವ ಸ್ಟಾಪರನ್ನು ಹಲ್ಲಿನ ಅಂಚಿಗೆ ಕೂರಿಸಿ, ಸ್ಕೇಲಿನಲ್ಲಿ ಅಳೆದು, ಬಂದ ಉದ್ದದಲ್ಲಿ ಒಂದು ಮಿಲಿಮೀಟರ್ ಕಳೆಯುತ್ತೇನೆ.

4. ಸ್ಟಾಪರ್ ಕೂರುವ ಅಂಚು ಗಟ್ಟಿಯಿರಲಿ.
ಹುಳುಕು ತಿಂದ ಅಂಚಿನ ಮೇಲೆ ಸ್ಟಾಪರ್ ಇಟ್ಟು ಅಳೆದಿದ್ದೆ. ನಡುವೆ ಆ ಅಂಚೇ ಮುರಿದು ಅಳತೆ ಕೆಲಸಕ್ಕೆ ಬಾರದಾಯಿತು. ಸಡಿಲ ಅಂಚನ್ನು ಮೊದಲೇ ತೆಗೆದು ಸಮಮಾಡಿಕೊಳ್ಳಬೇಕು.

5. ಸದ್ದನ್ನು ಮಗು ಮೊದಲೇ ಕೇಳಿರಲಿ.
ಬಾಯೊಳಗೆ ಯಂತ್ರ ಕೂಗಿದರೆ ಮಗು ಬೆಚ್ಚುತ್ತದೆ. ಫೈಲು ಒಳಗಿರುವಾಗ ಅದು ಅಪಾಯ. ತುಟಿಗೆ ಸಿಕ್ಕಿಸುವ ಯಂತ್ರದ ಕೊಕ್ಕೆಯನ್ನು ಮೊದಲು ಮಗುವಿನ ಕೈಗೆ ಕೊಟ್ಟು, ಫೈಲ್ ಹಿಡಿಯುವ ಕ್ಲಿಪ್ಪಿಗೆ ತಾಗಿಸಲು ಹೇಳುತ್ತೇನೆ. ಬೀಪ್ ಬಂದರೆ ವೈರು ಸರಿಯಿದೆ ಎಂದು ನನಗೂ ಖಾತ್ರಿ.

6. ಎರಡೂ ಒಪ್ಪದಿದ್ದರೆ ಕಡಿಮೆ ಅಳತೆಯೇ ಸರಿ.
ಯಂತ್ರ ಒಂದು ಹೇಳಿ ಎಕ್ಸ್-ರೇ ಇನ್ನೊಂದು ಹೇಳಿದರೆ ಗುಂಡಿಯನ್ನು ಒಣಗಿಸಿ ಮತ್ತೆ ಅಳೆಯುತ್ತೇನೆ. ಆಗಲೂ ತಾಳೆಯಾಗದಿದ್ದರೆ ಚಿಕ್ಕ ಅಳತೆಗೇ ನಿಲ್ಲುತ್ತೇನೆ. ಕೆಳಗಿರುವ ಮೊಗ್ಗು ಆ ಮಗುವಿಗೆ ಜೀವನವಿಡೀ ಬೇಕಾದ ಹಲ್ಲು.