ಗುಳಿಗೆಯೋ, ಬಾಗಿಲ ತಿರುಗುಣಿಯೋ?



ನೂರು ವರ್ಷ ಬದುಕಬೇಕು ಅನ್ನೋ ಆಸೆ ಯಾರಿಗಿಲ್ಲ ಹೇಳಿ? ನಮಗಂತೂ ಸದ್ಯಕ್ಕೆ ಈ ಸೆಮಿಸ್ಟರ್ ಮುಗಿಯೋವರೆಗೆ ಕುತ್ತಿಗೆ, ಬೆನ್ನು, ಕಣ್ಣು ನೆಟ್ಟಗಿದ್ದರೆ ಅದೇ ದೊಡ್ಡದು. ಚೀನಾದ ತಾವೋ ಪಂಥದವರು ಮಾತ್ರ ಈ ಆಸೆಯನ್ನು ಎರಡು ಸಾವಿರ ವರ್ಷಗಳ ಕಾಲ ತುಂಬಾ ಗಂಭೀರವಾಗಿ ತೆಗೆದುಕೊಂಡರು.

'ತಾವೋ' ಅಂದರೆ ದಾರಿ. ಪ್ರಕೃತಿ ತಾನಾಗಿ ನಡೆಯುವ ದಾರಿ. ಅದಕ್ಕೆ ಅಡ್ಡ ಬರದಂತೆ ಬದುಕುವುದೇ ಜಾಣತನ ಅನ್ನೋದು ಲಾವೋತ್ಸು, ಚುವಾಂಗ್‌ತ್ಸು ಹೆಸರಿನಲ್ಲಿ ಬಂದ ಗ್ರಂಥಗಳ ತಿರುಳು. ಉಸಿರು, ಊಟ, ನಿದ್ದೆ, ಚಲನೆ ಇವುಗಳ ಮೂಲಕ ಜೀವವನ್ನು ಪೋಷಿಸುವ ಕ್ರಮಕ್ಕೆ ಚೀನೀಯರು 'ಯಾಂಗ್‌ಶೆಂಗ್' ಅಂತ ಹೆಸರಿಟ್ಟರು.

ದೀರ್ಘಾಯುಷ್ಯ ಹುಡುಕಿದವರ ಮುಂದೆ ಎರಡು ದಾರಿಗಳಿದ್ದವು. ಒಂದು, ದಿನವೂ ಸ್ವಲ್ಪ ಸ್ವಲ್ಪ ಮೈಯನ್ನು ಪಳಗಿಸುವ ನಿಧಾನದ ದಾರಿ. ಇನ್ನೊಂದು, ಒಂದು ಗುಳಿಗೆ ನುಂಗಿ ಅಮರರಾಗುವ ಬೇಗದ ದಾರಿ. ಯಾವುದು ಯಾರನ್ನು ಎಲ್ಲಿಗೆ ಮುಟ್ಟಿಸಿತು ಅನ್ನೋದೇ ಇವತ್ತಿನ ಪಾಠ.

ರೇಷ್ಮೆಯ ಮೇಲೆ 44 ಜನ

ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದಲ್ಲಿ ಮಾವಾಂಗ್‌ದುಯ್ ಅನ್ನೋ ಜಾಗವಿದೆ. 1973ರಲ್ಲಿ ಅಲ್ಲಿನ ಮೂರನೇ ಸಮಾಧಿಯನ್ನು ಅಗೆದಾಗ ಒಂದು ರೇಷ್ಮೆ ಬಟ್ಟೆ ಸಿಕ್ಕಿತು. ಸಮಾಧಿ ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಚೂರು ಚೂರಾಗಿದ್ದ ಬಟ್ಟೆಯನ್ನು ಜೋಡಿಸಿ ನೋಡಿದರೆ, ಅದರ ತುಂಬ ವ್ಯಾಯಾಮ ಮಾಡುತ್ತಿರುವ 44 ಜನರ ಚಿತ್ರ! ಗಂಡಸರು, ಹೆಂಗಸರು, ಎಳೆಯರು, ವಯಸ್ಸಾದವರು ಎಲ್ಲರೂ ಇದ್ದಾರೆ. ಒಬ್ಬರು ಕೈ ಮೇಲೆತ್ತಿದ್ದಾರೆ, ಒಬ್ಬರು ಬಗ್ಗಿದ್ದಾರೆ, ಇನ್ನೊಬ್ಬರು ಕೋಲು ಹಿಡಿದಿದ್ದಾರೆ. ಕೆಲವು ಚಿತ್ರಗಳ ಪಕ್ಕ ಪ್ರಾಣಿಯ ಹೆಸರಿದೆ, ಕೆಲವುಗಳ ಪಕ್ಕ ಮಂಡಿನೋವಿನಂಥ ಕಾಯಿಲೆಯ ಹೆಸರಿದೆ. ನಮ್ಮ ಜಿಮ್ ಗೋಡೆಗೆ ಅಂಟಿಸುವ ಚಾರ್ಟ್ ಥರದ್ದೇ, ವಯಸ್ಸು ಮಾತ್ರ ಎರಡು ಸಾವಿರದ ನೂರಕ್ಕೂ ಹೆಚ್ಚು.

ಈ ವ್ಯಾಯಾಮಗಳಿಗೆ 'ದಾವೋಯಿನ್' ಅಂತ ಹೆಸರು: ಉಸಿರನ್ನು ನಡೆಸುವುದು, ಮೈಯನ್ನು ಎಳೆಯುವುದು. ಮುಂದೆ ತಾವೋ ಸಾಧಕರು ಇದನ್ನು ತಮ್ಮ ನಿತ್ಯಸಾಧನೆಯ ಭಾಗ ಮಾಡಿಕೊಂಡರು.

ಕ್ರಿ.ಶ. ಎರಡು-ಮೂರನೇ ಶತಮಾನದ ಹೊತ್ತಿಗೆ ಹುವಾ ತುವೊ ಅನ್ನೋ ಪ್ರಸಿದ್ಧ ವೈದ್ಯನಿದ್ದ. ಹುಲಿ, ಜಿಂಕೆ, ಕರಡಿ, ಕೋತಿ, ಹಕ್ಕಿ ಈ ಐದರ ಚಲನೆ ಅನುಕರಿಸುವ 'ಐದು ಪ್ರಾಣಿಗಳ ಆಟ'ವನ್ನು ಅವನು ಶಿಷ್ಯನಿಗೆ ಕಲಿಸಿದ. ಕಾರಣ ಕೇಳಿದರೆ ಅವನು ಕೊಟ್ಟ ಹೋಲಿಕೆ ಬಾಗಿಲಿನದು. ದಿನಾ ತೆಗೆದು ಹಾಕುವ ಬಾಗಿಲಿನ ತಿರುಗುಣಿ ಕೊಳೆಯುವುದಿಲ್ಲ, ದೇಹವೂ ಹಾಗೇ ಅಂದ. ಮೈ ಅಲುಗಾಡಲಿ, ಆದರೆ ಸುಸ್ತಾಗಿ ಬೀಳುವಷ್ಟು ಬೇಡ ಅಂತಲೂ ಸೇರಿಸಿದ. ನಿಂತ ನೀರು ಕೊಳೆಯುತ್ತೆ ಅಂತ ನಾವು ಅನ್ನಲ್ವಾ, ಅದೇ ಮಾತು.

ಗುಳಿಗೆಯ ದಾರಿ

ಈಗ ಬೇಗದ ದಾರಿಗೆ ಬರೋಣ. ಗೆ ಹೊಂಗ್ (283–343) ತಾವೋ ಪಂಥದ ದೊಡ್ಡ ವಿದ್ವಾಂಸ. ಉಸಿರಾಟ, ವ್ಯಾಯಾಮ ಎಲ್ಲ ಆಯುಷ್ಯವನ್ನು ಸ್ವಲ್ಪ ಹೆಚ್ಚಿಸಬಹುದು, ಆದರೆ ಅಮರನಾಗಬೇಕಾದರೆ ಬಂಗಾರ ಮತ್ತು ಇಂಗಳೀಕದಿಂದ ಮಾಡಿದ ರಸೌಷಧಿಯೇ ಬೇಕು ಅನ್ನೋದು ಅವನ ವಾದ.

ಇಂಗಳೀಕ ಅಂದರೆ ಕೆಂಪು ಬಣ್ಣದ ಖನಿಜ, ಮರ್ಕ್ಯುರಿಕ್ ಸಲ್ಫೈಡ್. ಕಾಯಿಸಿದರೆ ಪಾದರಸ ಬೇರೆಯಾಗುತ್ತೆ. ಆ ಪಾದರಸವನ್ನು ಗಂಧಕದ ಜೊತೆ ಸೇರಿಸಿ ಸಂಸ್ಕರಿಸಿದರೆ ಮತ್ತೆ ಕೆಂಪು ಇಂಗಳೀಕ! ಸತ್ತು ಹುಟ್ಟಿದ ಹಾಗೆ ಕಾಣುತ್ತೆ. ಇತ್ತ ಬಂಗಾರ ಎಷ್ಟು ಸುಟ್ಟರೂ ಕೆಡಲ್ಲ, ಹೂತಿಟ್ಟರೂ ಕೊಳೆಯಲ್ಲ. ಹಾಗಾದರೆ ಇವನ್ನು ತಿಂದವನ ದೇಹವೂ ಕೊಳೆಯಬಾರದು, ಅಲ್ವಾ? ಲ್ಯಾಬ್‌ನಲ್ಲಿ ಕಂಡದ್ದು ನಿಜ, ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು. ಹೋಲಿಕೆಯನ್ನೇ ಪುರಾವೆ ಅಂದುಕೊಂಡರು.

ಇದರ ಬೆಲೆ ತೆತ್ತವರಲ್ಲಿ ಚಕ್ರವರ್ತಿಗಳೂ ಇದ್ದಾರೆ. ತಾಂಗ್ ವಂಶದ ಮುಜೋಂಗ್ (824), ವುಜೋಂಗ್ (846), ಶ್ವಾನ್‌ಜೋಂಗ್ (859) ಈ ಮೂವರ ಸಾವಿಗೂ ಇಂಥ ರಸೌಷಧಿಗಳೇ ಕಾರಣ ಅಂತ ಇತಿಹಾಸಕಾರರು ಹೇಳುತ್ತಾರೆ. ಹಿಂದಿನವನು ಸತ್ತದ್ದು ಕಣ್ಣೆದುರಿಗಿದ್ದರೂ ಮುಂದಿನವನು ಅದೇ ಗುಳಿಗೆಗೆ ಕೈಚಾಚಿದ.

ಯಾಕೆ ಹೀಗಾಯ್ತು? ಗುಳಿಗೆ ನುಂಗಿದ ಮೇಲೆ ಮೈಮೇಲೆ ಹುಳ ಹರಿದಂತೆ ಕಡಿತ, ಕೈಕಾಲು ಊತ, ಊಟದ ವಾಸನೆಗೇ ವಾಂತಿ ಇವೆಲ್ಲ ಕಾಣಿಸಿಕೊಂಡರೆ ಹೆದರಬೇಡಿ, ಒಳಗಿನ ರೋಗ ಹೊರಗೆ ಹೋಗುತ್ತಿದೆ ಅಂತ ಒಂದು ರಸಗ್ರಂಥವೇ ಧೈರ್ಯ ಹೇಳುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ತಕ್ಷಣ ಅರ್ಥವಾಗುತ್ತೆ. ದೇಹ 'ನಿಲ್ಲಿಸು' ಅಂತ ಕಳಿಸಿದ ಸಿಗ್ನಲ್‌ನ ಚಿಹ್ನೆಯನ್ನೇ ತಿರುಗಿಸಿ 'ಇನ್ನೂ ಕೊಡು' ಅಂತ ಓದಿದರು. ನೆಗೆಟಿವ್ ಫೀಡ್‌ಬ್ಯಾಕ್ ಪಾಸಿಟಿವ್ ಆದರೆ ಸಿಸ್ಟಮ್ ಎಲ್ಲಿ ಹೋಗಿ ನಿಲ್ಲುತ್ತೆ ಅಂತ ನಮಗೆ ಗೊತ್ತು.

ಇದೇ ಹುಡುಕಾಟದಲ್ಲಿ ಇನ್ನೊಂದು ವಸ್ತು ಹುಟ್ಟಿತು. ಗಂಧಕ, ಮಣಿಶಿಲೆ, ಪೆಟ್ಲುಪ್ಪನ್ನು ಜೇನಿನ ಜೊತೆ ಕಾಯಿಸಿದವರ ಕೈ, ಮುಖ ಸುಟ್ಟು ಮನೆಯೂ ಹೊತ್ತಿ ಉರಿಯಿತು ಅನ್ನೋ ಎಚ್ಚರಿಕೆ ಒಂದು ಹಳೆಯ ತಾವೋ ಗ್ರಂಥದಲ್ಲಿದೆ. ಚೀನೀ ಭಾಷೆಯಲ್ಲಿ ಸಿಡಿಮದ್ದಿಗೆ 'ಹುವೋಯಾವೊ' ಅಂತಾರೆ, ಅಂದರೆ ಬೆಂಕಿಯ ಔಷಧಿ. ನಮ್ಮ ಕನ್ನಡದಲ್ಲೂ ಕಾಯಿಲೆಗೆ ಕೊಡೋದು ಮದ್ದು, ಕೋವಿಗೆ ತುಂಬೋದೂ ಮದ್ದು!

ಒಲೆ ದೇಹದೊಳಗೆ ಬಂತು

ಕಾಲ ಕಳೆದಂತೆ ಹೊರಗಿನ ಒಲೆಯ ಮೇಲಿನ ನಂಬಿಕೆ ಕುಗ್ಗಿತು. ಒಲೆ, ಪಾತ್ರೆ, ಪಾದರಸ ಎಲ್ಲ ನಿನ್ನ ದೇಹದೊಳಗೇ ಇದೆ ಅನ್ನೋ 'ನೇಯ್‌ದಾನ್', ಅಂದರೆ ಒಳಗಿನ ರಸವಿದ್ಯೆ, ಮುಂದೆ ಬಂತು. 12ನೇ ಶತಮಾನದಲ್ಲಿ ವಾಂಗ್ ಚೊಂಗ್‌ಯಾಂಗ್ (1113–1170) ಕಟ್ಟಿದ ಚುವಾನ್‌ಜೆನ್ ಪಂಥ ಈ ದಾರಿಯನ್ನೇ ಹಿಡಿಯಿತು. ಹೊಕ್ಕುಳ ಕೆಳಗಿನ ಜಾಗಕ್ಕೆ 'ದಾನ್‌ತಿಯೆನ್' ಅಂದರು, ಇಂಗಳೀಕದ ಗದ್ದೆ. ಪದ ಹಳೆಯದೇ, ನುಂಗುವ ಇಂಗಳೀಕ ಮಾತ್ರ ಹೋಯ್ತು.

ಇಲ್ಲಿ 'ಚೀ' ಅನ್ನೋ ಮಾತು ಬರುತ್ತೆ, ನಮ್ಮ ಪ್ರಾಣಕ್ಕೆ ಹತ್ತಿರದ ಕಲ್ಪನೆ. ಚೀಯನ್ನು ಅಳೆಯುವ ಮೀಟರ್ ಇಲ್ಲ. ಆದರೆ 'ಚೀಯನ್ನು ಹೊಕ್ಕುಳ ಕೆಳಗೆ ಇಳಿಸು' ಅಂತ ಗುರು ಹೇಳಿದಾಗ ಶಿಷ್ಯನ ಉಸಿರು ಎದೆಯಿಂದ ಹೊಟ್ಟೆಗೆ ಇಳಿಯುತ್ತೆ, ನಿಧಾನವಾಗುತ್ತೆ, ಹೆಗಲು ಸಡಿಲಾಗುತ್ತೆ. ಕೊಟ್ಟ ವಿವರಣೆ ಬೇರೆ, ಮಾಡಿದ ಕೆಲಸ ಬೇರೆ. ಹಳೆಯ ವಿದ್ಯೆ ಓದುವಾಗ ಈ ಎರಡನ್ನೂ ಬಿಡಿಸಿ ನೋಡೋದನ್ನು ಕಲಿತರೆ ಅರ್ಧ ಜಗಳ ಮುಗಿಯುತ್ತೆ.

ಏಳನೇ ಶತಮಾನದ ವೈದ್ಯ ಸುನ್ ಸಿಮಿಯಾವೊ ಕೂಡ ರಸೌಷಧಿಗಳ ಬಗ್ಗೆ ಬರೆದವನೇ. ಆದರೆ ಇವತ್ತಿಗೂ ಉಳಿದದ್ದು ಅವನ ಸಣ್ಣ ಸಣ್ಣ ಸಲಹೆಗಳು: ಹೊಟ್ಟೆ ಬಿರಿಯೆ ಉಣ್ಣಬೇಡ, ಉಂಡ ಮೇಲೆ ನಾಲ್ಕು ಹೆಜ್ಜೆ ನಡೆ, ದಿನಾ ಸ್ವಲ್ಪ ಮೈದಣಿಸು, ಪೂರಾ ದಣಿಯಬೇಡ. ನಮ್ಮ ಅಜ್ಜಿಯರೂ ಇದನ್ನೇ ಹೇಳಿದ್ದು.

ಅದೇ ಗೆ ಹೊಂಗ್, ಇನ್ನೊಂದು ಪುಸ್ತಕ

ಹಾಗಾದರೆ ಗೆ ಹೊಂಗ್‌ನನ್ನು ಮೂಲೆಗೆ ಎಸೆಯೋಣವೇ? ತಾಳಿ.

ಅವನು ತುರ್ತು ಚಿಕಿತ್ಸೆಗಳ ಒಂದು ಕೈಪಿಡಿಯನ್ನೂ ಬರೆದಿದ್ದ. ಅದರಲ್ಲಿ ಬಿಟ್ಟು ಬಿಟ್ಟು ಬರುವ ಜ್ವರಕ್ಕೊಂದು ಮದ್ದಿದೆ: ಚಿಂಗ್‌ಹಾವೊ ಅನ್ನೋ ಗಿಡವನ್ನು ಒಂದು ಹಿಡಿ ತೆಗೆದುಕೊಂಡು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು. ಚೀನಾ ಸರ್ಕಾರ 1967ರಲ್ಲಿ ಮಲೇರಿಯಾ ಔಷಧಕ್ಕಾಗಿ ಗುಟ್ಟಾಗಿ ಒಂದು ಯೋಜನೆ ಶುರು ಮಾಡಿತ್ತು. ಅದರಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಟು ಯೂಯೂ ಅವರಿಗೆ ಈ ಗಿಡದ ಸಾರದಿಂದ ಒಮ್ಮೆ ಫಲಿತಾಂಶ ಬಂದರೆ ಇನ್ನೊಮ್ಮೆ ಬರುತ್ತಿರಲಿಲ್ಲ. ಆಗ ಗೆ ಹೊಂಗ್‌ನ ಸಾಲು ಮತ್ತೆ ಓದಿದರು. ಅವನು ನೆನೆಸು, ಹಿಂಡು ಅಂದಿದ್ದ, ಕುದಿಸು ಅಂದಿರಲಿಲ್ಲ. ಶಾಖಕ್ಕೇ ಔಷಧದ ಗುಣ ಕೆಡುತ್ತಿರಬಹುದಾ? ಸುಮಾರು 35 ಡಿಗ್ರಿಯಲ್ಲೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ ಆ ಸಾರ ಇಲಿಗಳಲ್ಲಿ ಮಲೇರಿಯಾ ಪರಾವಲಂಬಿಯನ್ನು ಪೂರ್ತಿ ತೊಡೆದುಹಾಕಿತು. ಮನುಷ್ಯರಿಗೆ ಕೊಡುವ ಮೊದಲು ಟು ಯೂಯೂ ಮತ್ತು ಸಹೋದ್ಯೋಗಿಗಳು ತಾವೇ ಕುಡಿದು ನೋಡಿದರು. ಅದೇ ಆರ್ಟಿಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಬಂತು.

ಲೇಖಕ ಒಬ್ಬನೇ. ಅವನ ಒಂದು ಮಾತು ವಿಷಕ್ಕೆ ದಾರಿ ತೋರಿಸಿತು, ಇನ್ನೊಂದು ಲಕ್ಷಾಂತರ ಜೀವ ಉಳಿಸಿದ ಔಷಧಕ್ಕೆ. ಹಳೆಯದು ಅನ್ನೋ ಕಾರಣಕ್ಕೆ ಒಪ್ಪಿದ್ದರೆ ಎರಡನ್ನೂ ನುಂಗಬೇಕಿತ್ತು. ಹಳೆಯದು ಅಂತ ತಳ್ಳಿದ್ದರೆ ಎರಡೂ ಹೋಗುತ್ತಿತ್ತು. ಬೇರ್ಪಡಿಸಿದ್ದು ಪರೀಕ್ಷೆ.

ನಿಧಾನದ ದಾರಿ ಪಾಸಾಯ್ತಾ?

ವ್ಯಾಯಾಮಗಳನ್ನೂ ಹಾಗೇ ಪರೀಕ್ಷಿಸಿದ್ದಾರೆ. ತಾಯ್ ಚಿ ಮೂಲತಃ ಕಾದಾಟದ ಕಲೆ. ಅದರ ಉಸಿರು, ಮೃದುತ್ವದ ತತ್ವದಲ್ಲಿ ತಾವೋ ಚಿಂತನೆ ಬೆರೆತಿದೆ. 1956ರಲ್ಲಿ ಚೀನಾ ಸರ್ಕಾರ ಜನಸಾಮಾನ್ಯರಿಗಾಗಿ ಅದರ 24 ಭಂಗಿಗಳ ಸರಳ ರೂಪ ತಂದಿತು. 2012ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಒಂದು ಅಧ್ಯಯನ ಬಂತು. ಪಾರ್ಕಿನ್ಸನ್ ಇರುವ 195 ಜನರನ್ನು ಮೂರು ಗುಂಪು ಮಾಡಿ 24 ವಾರ ತಾಯ್ ಚಿ, ತೂಕದ ವ್ಯಾಯಾಮ ಮತ್ತು ಸ್ಟ್ರೆಚಿಂಗ್ ಮಾಡಿಸಿದರು. ಸಮತೋಲನದಲ್ಲಿ ತಾಯ್ ಚಿ ಗುಂಪು ಮುಂದಿತ್ತು. ವಯಸ್ಸಾದವರು ಬೀಳುವುದನ್ನು ಇದು ಕಡಿಮೆ ಮಾಡಬಹುದು ಅಂತ ಬೇರೆ ಅಧ್ಯಯನಗಳೂ ಹೇಳುತ್ತವೆ.

ಇಷ್ಟೇ. ಅಮರತ್ವ ಇಲ್ಲ, ಕ್ಯಾನ್ಸರ್ ಗುಣವಾಗಲ್ಲ. ಹಾಗೆ ಹೇಳಿಕೊಂಡು ಕೋರ್ಸ್ ಮಾರುವವರು ಗುಳಿಗೆಯನ್ನೇ ಬೇರೆ ಪೊಟ್ಟಣದಲ್ಲಿ ಮಾರುತ್ತಿದ್ದಾರೆ ಅಂತ ತಿಳಿಯಿರಿ.

ರೂಮಿನಲ್ಲೇ ನಾಲ್ಕು ಚಲನೆ

'ಬಾದುವಾನ್‌ಜಿನ್' ಅಂದರೆ ಎಂಟು ತುಣುಕು ಜರತಾರಿ. ಸಾಂಗ್ ವಂಶದ ಕಾಲದಿಂದ ಹೆಸರು ಕೇಳಿಬರುವ ಎಂಟು ಚಲನೆಗಳ ಗುಚ್ಛ ಇದು. ಅದರಿಂದ ನಾಲ್ಕನ್ನು ಕಲಿಯೋಣ. ಪಾದಗಳನ್ನು ಹೆಗಲಗಲ ಇಟ್ಟು, ಮಂಡಿ ಸ್ವಲ್ಪ ಸಡಿಲ ಬಿಟ್ಟು ನಿಲ್ಲಿ. ಉಸಿರು ಮೂಗಿನಿಂದ. ಎಲ್ಲೂ ಬಿಗಿಹಿಡಿಯಬೇಡಿ.

1. ಆಕಾಶ ಎತ್ತುವುದು: ಹೊಟ್ಟೆಯ ಮುಂದೆ ಬೆರಳು ಹೆಣೆದು, ಉಸಿರು ತೆಗೆದುಕೊಳ್ಳುತ್ತಾ ಕೈಗಳನ್ನು ಮೇಲೆತ್ತಿ, ಅಂಗೈ ಸೂರಿನ ಕಡೆ ತಿರುಗಿಸಿ. ಉಸಿರು ಬಿಡುತ್ತಾ ಕೈಗಳನ್ನು ಪಕ್ಕದಿಂದ ಇಳಿಸಿ. ಆರು ಸಲ.

2. ಬಿಲ್ಲು ಎಳೆಯುವುದು: ಕಾಲು ಅಗಲಿಸಿ, ಮಂಡಿ ಸ್ವಲ್ಪ ಬಗ್ಗಿಸಿ. ಒಂದು ಕೈ ಪಕ್ಕಕ್ಕೆ ಚಾಚಿ, ಇನ್ನೊಂದು ಬಿಲ್ಲಿನ ಹೆದೆ ಎಳೆದಂತೆ ಎದೆ ಹತ್ತಿರ ಬರಲಿ. ನೋಟ ಚಾಚಿದ ಕೈಯ ಕಡೆ. ಎರಡೂ ಕಡೆ ಮೂರು ಮೂರು ಸಲ. ಲ್ಯಾಪ್‌ಟಾಪ್ ಮುಂದೆ ಮುದುಡಿದ ಎದೆಗೆ ಹೇಳಿ ಮಾಡಿಸಿದ್ದು.

3. ಹಿಂದಿರುಗಿ ನೋಡುವುದು: ಸೊಂಟ ಅಲುಗಿಸದೆ ಕುತ್ತಿಗೆಯನ್ನು ನಿಧಾನಕ್ಕೆ ಎಡಕ್ಕೆ ತಿರುಗಿಸಿ, ಆಮೇಲೆ ಬಲಕ್ಕೆ. ಜೊತೆಗೆ ಕೈಗಳನ್ನು ಹೊರಕ್ಕೆ ತಿರುಚಿ. ಮೂರು ಮೂರು ಸಲ. ಝಾಡಿಸಬೇಡಿ.

4. ಹಿಮ್ಮಡಿ ಎತ್ತುವುದು: ಪಾದ ಜೋಡಿಸಿ, ತುದಿಗಾಲಲ್ಲಿ ಏರಿ, ಒಂದು ಕ್ಷಣ ನಿಂತು, ಹಗುರವಾಗಿ ಇಳಿಯಿರಿ. ಏಳು ಸಲ.

ಎಲ್ಲ ಸೇರಿ ಐದಾರು ನಿಮಿಷ. ನೋವು ಬಂದರೆ, ತಲೆ ಸುತ್ತಿದರೆ ನಿಲ್ಲಿಸಿ. ಅದು ರೋಗ ಹೊರಗೆ ಹೋಗುವ ಲಕ್ಷಣ ಅಲ್ಲ! ಬೆನ್ನು, ಕುತ್ತಿಗೆಗೆ ಮೊದಲೇ ಪೆಟ್ಟಾಗಿದ್ದರೆ ಡಾಕ್ಟರನ್ನು ಕೇಳಿ ಶುರುಮಾಡಿ. ಎರಡು ವಾರ ಮಾಡಿ, ಸಂಜೆಯ ಕುತ್ತಿಗೆ ನೋವಿಗೆ ದಿನಾ ಹತ್ತಕ್ಕೆ ಎಷ್ಟು ಅಂತ ಅಂಕ ಬರೆದಿಡಿ. ನಿಮ್ಮ ದೇಹ, ನಿಮ್ಮದೇ ರೀಡಿಂಗ್.

ಕೊನೆಗೆ ಒಂದು ಕಥೆ

ದೇಹವನ್ನು ವಜ್ರ ಮಾಡಿಕೊಳ್ಳುವ ಆಸೆ ನಮ್ಮ ನಾಡಿಗೂ ಹೊಸದಲ್ಲ. ಗೋರಕ್ಷನ ಕಥೆ ಕೇಳಿದ್ದೀರಿ. ಸಾಧನೆಯಿಂದ ಮೈ ಎಷ್ಟು ಗಟ್ಟಿಯಾಗಿತ್ತೆಂದರೆ ಕತ್ತಿ ಬೀಸಿದರೆ ಖಣ್ ಅಂತ ಸದ್ದಾಯ್ತು. ಅದೇ ಕತ್ತಿಯನ್ನು ಅಲ್ಲಮಪ್ರಭುವಿನ ಮೇಲೆ ಬೀಸಿದರೆ ಬಯಲಲ್ಲಿ ಬೀಸಿದಂತೆ ಹಾದುಹೋಯ್ತು. ಗಟ್ಟಿತನವೇ ಗೆಲುವಲ್ಲ ಅನ್ನೋದು ಆ ಕಥೆ. ಗಟ್ಟಿಗಿಂತ ಮೃದುವೇ ಮೇಲು, ನೀರೇ ಕಲ್ಲನ್ನು ಸವೆಸುತ್ತೆ ಅನ್ನೋದು ಲಾವೋತ್ಸು ಪರಂಪರೆಯ ನಂಬಿಕೆ.

ಪರೀಕ್ಷೆ ಹತ್ತಿರ ಬಂದಾಗ ನಮ್ಮ ಮೇಜಿನ ಮೇಲೂ ಗುಳಿಗೆಗಳು ಸಾಲುಗಟ್ಟುತ್ತವೆ: ಎನರ್ಜಿ ಡ್ರಿಂಕ್, ಐದನೇ ಕಾಫಿ, ನಿದ್ದೆಗೆಟ್ಟ ರಾತ್ರಿ. ಕಣ್ಣು ಉರಿದರೆ, ಕೈ ನಡುಗಿದರೆ 'ಓದು ಚೆನ್ನಾಗಿ ನಡೀತಿದೆ' ಅಂದುಕೊಳ್ಳುತ್ತೇವೆ. ತಾಂಗ್ ಚಕ್ರವರ್ತಿಗಳ ಅರಮನೆಯಲ್ಲೂ ಸಿಗ್ನಲ್ ಓದಿದ್ದು ಹೀಗೇ. ಇವತ್ತು ರಾತ್ರಿ ಒಂದು ಗಂಟೆ ಮೊದಲೇ ಮಲಗಿ. ಬೆಳಗ್ಗೆ ಎದ್ದು ಆಕಾಶ ಎತ್ತಿ.