ಕಾರ್ಪೆಟ್ಟಿನ ವಯಸ್ಸು

ಮನೆ ಖಾಲಿ ಮಾಡಿದ 29ನೆಯ ದಿನ ಲಕೋಟೆ ಬಂತು. ಒಳಗೆ 850 ಡಾಲರಿನ ಚೆಕ್ಕು, ಜೊತೆಗೊಂದು ಚೀಟಿ: ಕಾರ್ಪೆಟ್ಟು ಬದಲಾಯಿಸಿದ್ದಕ್ಕೆ 1,900, ಬಣ್ಣ ಬಳಿಸಿದ್ದಕ್ಕೆ 450. ನಾವು ಕೊಟ್ಟಿದ್ದ ಅಡ್ವಾನ್ಸ್ 3,200. ಇದು 2024ರ ಜುಲೈ, ಸ್ಯಾನ್ ಹೋಸೆಯಲ್ಲಿ. ನಾಲ್ಕು ವರ್ಷ ಆ ಮನೆಯಲ್ಲಿದ್ದೆವು. ಚಪ್ಪಲಿ ಹೊರಗೆ ಬಿಟ್ಟು ಓಡಾಡುವ ನಮ್ಮಂಥವರ ಕೈಯಲ್ಲಿ ಕಾರ್ಪೆಟ್ಟು ಹಾಳಾಯಿತಂತೆ. ಸಿಟ್ಟು ಬಂದದ್ದು ದುಡ್ಡಿಗಿಂತ ಹೆಚ್ಚಾಗಿ ಆ ಮಾತಿಗೆ.

ಬೆಂಗಳೂರಿನಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡಾಗ ತುಟಿಪಿಟಕ್ಕೆನ್ನದೆ ಎದ್ದು ಬಂದವನು ನಾನು. ಇಲ್ಲಿ ಮಾತ್ರ ಕೇಳಿಯೇಬಿಡೋಣ ಅನ್ನಿಸಿತು. ಫೋನಿನಲ್ಲಿ ಅಮ್ಮ, "ಯಾಕಪ್ಪಾ ನಿನಗೆ ಕೋರ್ಟು ಕಚೇರಿ ಸಹವಾಸ? ಗೆದ್ದವನು ಸೋತ, ಸೋತವನು ಸತ್ತ. ನಿಮ್ಮಪ್ಪನ್ನ ನೋಡಿಲ್ವಾ?" ಅಂದರು. ನೋಡಿದ್ದೆ. ಒಂದು ಬದುವಿನ ವಿಷಯಕ್ಕೆ ಅಪ್ಪ ಹೂಡಿದ ದಾವೆ ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಶುರುವಾಗಿ, ನನಗೆ ಕೆಲಸ ಸಿಕ್ಕ ಮೇಲೂ ನಡೆಯುತ್ತಿತ್ತು. ತಾರೀಖಿನ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಬೆಳಗಿನ ಬಸ್ಸಿಗೆ ಹೋಗಿ, ಸಂಜೆ ಇನ್ನೊಂದು ತಾರೀಖು ತರುತ್ತಿದ್ದರು. ಕೇಸಿನ ಕಾಗದಗಳೆಲ್ಲ ಟ್ರಂಕಿನಲ್ಲಿ ಬಟ್ಟೆಯ ಗಂಟು ಕಟ್ಟಿಕೊಂಡು ಮಲಗಿದ್ದವು. ನಾವು ಮಕ್ಕಳು ಮುಟ್ಟುವಂತಿರಲಿಲ್ಲ. ಕೋರ್ಟಿನ ಕಾಗದ ಅಂದರೆ ಬಚ್ಚಿಡುವ ವಸ್ತು ಎಂದುಕೊಂಡೇ ನಾನು ಬೆಳೆದದ್ದು.

ಮೊದಲು ಕಾನೂನು ಓದಿದೆ. ಕ್ಯಾಲಿಫೋರ್ನಿಯಾದ ಸಿವಿಲ್ ಕೋಡಿನ 1950.5ನೆಯ ಕಲಮಿನ ಪ್ರಕಾರ, ಮನೆ ಬಿಟ್ಟ 21 ದಿನದೊಳಗೆ ಮಾಲೀಕ ಅಡ್ವಾನ್ಸ್ ಹಿಂತಿರುಗಿಸಬೇಕು. ಮುರಿದುಕೊಂಡಿದ್ದರೆ ಯಾತಕ್ಕೆ ಎಷ್ಟು ಎಂದು ಬರೆದು ಕೊಡಬೇಕು. ಬಳಸಿ ಬಳಸಿ ಸಹಜವಾಗಿ ಸವೆದದ್ದಕ್ಕೆ ಮುರಿಯುವಂತಿಲ್ಲ. ದುರುದ್ದೇಶದಿಂದ ಹಿಡಿದಿಟ್ಟುಕೊಂಡದ್ದು ಸಾಬೀತಾದರೆ ಅಡ್ವಾನ್ಸಿನ ಎರಡು ಪಟ್ಟಿನವರೆಗೂ ದಂಡ ಹಾಕಬಹುದು. ಇಷ್ಟು ಓದಿದ ಕೂಡಲೇ ನನಗೆ ಕೇಸು ಗೆದ್ದಷ್ಟೇ ಖುಷಿಯಾಯಿತು. ಎಲ್ಲ ಹೊಸ ವಾದಿಗಳಿಗೂ ಈ ಖುಷಿ ಬರುತ್ತದೆಂದು ಕಾಣುತ್ತದೆ.

ಈ ಮಾಲೀಕನ ಮೇಲೆ ಹಿಂದೆ ಯಾರಾದರೂ ಕೇಸು ಹಾಕಿದ್ದಾರೋ ನೋಡೋಣ ಎಂದು ಹೊರಟಾಗ ಮೊದಲ ಪೆಟ್ಟು ತಿಂದೆ. ಅಮೆರಿಕದ ಕೋರ್ಟು ದಾಖಲೆ ಎಂದರೆ 'ಪೇಸರ್' ಎಂದು ಎಲ್ಲೋ ಕೇಳಿದ್ದೆ. ಖಾತೆ ತೆರೆದು ಹುಡುಕಿದರೆ ಸೊನ್ನೆ. ಪೇಸರ್ ಇರುವುದು ಕೇಂದ್ರ ಸರ್ಕಾರದ ಕೋರ್ಟುಗಳಿಗೆ, ಪುಟಕ್ಕೆ 10 ಸೆಂಟು. ಬಾಡಿಗೆ ಜಗಳಕ್ಕೆ ಅಲ್ಲೇನು ಕೆಲಸ? ಅದು ನಡೆಯುವುದು ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ. ಹೆಸರು ಕೇಳಿ ಹೈಕೋರ್ಟಿನಂಥದ್ದೇನೋ ಅಂದುಕೊಂಡಿದ್ದೆ. ಅಲ್ಲ, ಅದೇ ಇಲ್ಲಿಯ ಬುಡದ ಕೋರ್ಟು. ರಾಜ್ಯದ 58 ಕೌಂಟಿಗಳಿಗೂ ಒಂದೊಂದಿದೆ. ಮೊದಲು ಅದರ ಕೆಳಗೆ ಮುನಿಸಿಪಲ್ ಕೋರ್ಟುಗಳಿದ್ದವಂತೆ; 1998ರ ಮತದಾನದ ನಂತರ ಒಂದೊಂದಾಗಿ ಸೇರಿ 2001ರ ಹೊತ್ತಿಗೆ ಎಲ್ಲ ಕಡೆ ಒಂದೇ ಕೋರ್ಟಾಯಿತು.

ನಮ್ಮ ಸಾಂಟಾ ಕ್ಲಾರಾ ಕೌಂಟಿಯ ಸುಪೀರಿಯರ್ ಕೋರ್ಟಿನ ಆನ್‌ಲೈನ್ ಪಟ್ಟಿಯಲ್ಲಿ ಪಕ್ಷಗಾರರ ಹೆಸರು ಹಾಕಿ ಹುಡುಕಬಹುದು. ಅಪಾರ್ಟ್‌ಮೆಂಟಿನ ಬೋರ್ಡಿನ ಮೇಲಿದ್ದ ಹೆಸರು ಹಾಕಿದೆ. ಮತ್ತೆ ಸೊನ್ನೆ. ಪುಣ್ಯಾತ್ಮನ ಮೇಲೆ ಒಂದು ಕೇಸೂ ಇಲ್ಲವಲ್ಲ ಎಂದು ಅದೇ ಹೆಸರಿನ ಮೇಲೆ ಅರ್ಜಿ ತುಂಬಿ, 75 ಡಾಲರ್ ಕಟ್ಟಿ ಸಲ್ಲಿಸಿಯೂಬಿಟ್ಟೆ. ನಮೂನೆಯ ಹೆಸರು ಎಸ್‌ಸಿ-100. ಸ್ಮಾಲ್ ಕ್ಲೇಮ್ಸ್ ಎಂದರೆ ಸಣ್ಣ ಮೊತ್ತದ ದಾವೆ. 2024ರ ಜನವರಿಯಿಂದ ವ್ಯಕ್ತಿಯೊಬ್ಬ 12,500 ಡಾಲರಿನವರೆಗೆ ಕೇಳಬಹುದು. 1,500ರ ಒಳಗಿದ್ದರೆ ಶುಲ್ಕ 30, 5,000ದ ಒಳಗೆ 50, ಅದರ ಮೇಲೆ 75. ಮಾಲೀಕ ಮುರಿದುಕೊಂಡ 2,350ಕ್ಕೆ ನಾನು ದಂಡವೆಂದು 3,200 ಸೇರಿಸಿದ್ದೆ. ಅತಿಯಾಸೆ ಎಂದು ಹೆಂಡತಿ ಅವತ್ತೇ ಹೇಳಿದ್ದಳು.

ಕೌಂಟರಿನಲ್ಲಿದ್ದ ಗುಮಾಸ್ತೆ ಮುದ್ರೆ ಒತ್ತುವ ಮುನ್ನ, "ಪ್ರತಿವಾದಿಯ ಹೆಸರು ಸರಿಯಾಗಿದೆ ತಾನೆ?" ಎಂದು ಕೇಳಿದ್ದರು. ಸರಿಯಾಗಿದೆ ಎಂದಿದ್ದೆ. ಅದಕ್ಕಿಂತ ಹೆಚ್ಚು ಅವರು ಹೇಳುವಂತಿಲ್ಲ. ಇಲ್ಲಿಯ ಕೋರ್ಟು ಸಿಬ್ಬಂದಿ ಯಾವ ನಮೂನೆ, ಎಷ್ಟು ಶುಲ್ಕ ಎಂದು ಹೇಳುತ್ತಾರೆ. ಏನು ಬರೆಯಬೇಕು, ಯಾರ ಮೇಲೆ ಹಾಕಬೇಕು ಎಂದು ಹೇಳುವುದಿಲ್ಲ. ಅದಕ್ಕೆಂದೇ ಪ್ರತಿ ಕೌಂಟಿಯಲ್ಲಿ ಸ್ಮಾಲ್ ಕ್ಲೇಮ್ಸ್ ಸಲಹೆಗಾರರಿರುತ್ತಾರೆ, ಬಿಟ್ಟಿಯಾಗಿ. ನಾನು ಫೋನು ಮಾಡಿದ್ದು ಸಲ್ಲಿಸಿದ ಮೇಲೆ. ಸಲಹೆಗಾರ್ತಿ ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಬಾಡಿಗೆ ಕರಾರಿನ ಕೊನೆಯ ಪುಟದಲ್ಲಿ ಸಹಿಯ ಕೆಳಗೆ ಯಾರ ಹೆಸರಿದೆ?"

ತೆಗೆದು ನೋಡಿದರೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಬೇರೆಯದೇ ಒಂದು ಎಲ್‌ಎಲ್‌ಸಿ ಕಂಪನಿ. ಬೋರ್ಡಿನ ಹೆಸರು ಬರೀ ಬೋರ್ಡಿನ ಹೆಸರು. ಅಂಥ ವ್ಯಾಪಾರಿ ಹೆಸರಿನ ಹಿಂದೆ ಯಾರಿದ್ದಾರೆ ಎಂಬ ನೋಂದಣಿ ಕೌಂಟಿಯ ಕ್ಲರ್ಕ್-ರೆಕಾರ್ಡರ್ ಕಚೇರಿಯಲ್ಲಿ ಸಿಗುತ್ತದೆ (ಇದು ಕೋರ್ಟಿನ ಕ್ಲರ್ಕ್ ಕಚೇರಿಯಲ್ಲ, ಬೇರೆ ಇಲಾಖೆ, ಒಂದು ಸಲ ತಪ್ಪು ಸಾಲಿನಲ್ಲಿ ನಿಂತು ಬಂದಿದ್ದೇನೆ). ಕಂಪನಿಯ ಪರವಾಗಿ ಕೋರ್ಟಿನ ಕಾಗದ ತೆಗೆದುಕೊಳ್ಳುವ ಏಜೆಂಟ್ ಯಾರೆಂಬುದು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಪಟ್ಟಿಯಲ್ಲಿದೆ. ತಪ್ಪು ಹೆಸರಿನ ಮೇಲೆ ತೀರ್ಪು ಬಂದಿದ್ದರೆ ವಸೂಲಿಗೆ ಹೋದಾಗ ಗಾಳಿಯನ್ನು ಹಿಡಿದಂತಾಗುತ್ತಿತ್ತು. ನೋಟಿಸು ಇನ್ನೂ ಜಾರಿಯಾಗಿರಲಿಲ್ಲ, ಬಚಾವಾದೆ. ಎಸ್‌ಸಿ-114 ಎಂಬ ತಿದ್ದುಪಡಿ ನಮೂನೆ ತುಂಬಿ ಹೆಸರು ಸರಿಪಡಿಸಿದೆ.

ಸರಿಯಾದ ಹೆಸರು ಸಿಕ್ಕಿತಲ್ಲ, ಅದನ್ನೇ ಹಾಕಿ ಮತ್ತೊಮ್ಮೆ ಹುಡುಕಿದೆ. ನಾಲ್ಕು ಕೇಸು!

ಈ ಕೋರ್ಟಿನ ಕೇಸು ನಂಬರಿನಲ್ಲೇ ಅರ್ಧ ಕಥೆಯಿರುತ್ತದೆ: ಮೊದಲೆರಡು ಅಂಕಿ ವರ್ಷ, ಆಮೇಲೆ ಎಸ್‌ಸಿ ಎಂದಿದ್ದರೆ ಸ್ಮಾಲ್ ಕ್ಲೇಮ್ಸ್, ಸಿವಿ ಎಂದಿದ್ದರೆ ಸಿವಿಲ್. ನನ್ನವನ ಮೇಲಿನ ನಾಲ್ಕರಲ್ಲಿ ಮೂರು ಎಸ್‌ಸಿ ಇದ್ದವು. ನಂಬರು ಬರೆದುಕೊಂಡು ಒಂದು ಶುಕ್ರವಾರ ರಜೆ ಹಾಕಿ ಲೈಟ್ ರೈಲಿನಲ್ಲಿ ನಾರ್ತ್ ಫಸ್ಟ್ ಸ್ಟ್ರೀಟಿಗೆ ಹೋದೆ. ಸೇಂಟ್ ಜೇಮ್ಸ್ ಪಾರ್ಕಿನ ಎದುರಿನ ಆ ಕಟ್ಟಡದಲ್ಲಿ ಲೋಹ ತಪಾಸಣೆ ದಾಟಿ, ದಾಖಲೆ ವಿಭಾಗದಲ್ಲಿ ಚೀಟಿ ಕೊಟ್ಟೆ. ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ. ನನಗೆ ಅದೇ ದೊಡ್ಡ ಆಶ್ಚರ್ಯ. ಊರಿನಲ್ಲಿ ಮೂರನೆಯವರು ಕೋರ್ಟಿನ ನಕಲು ಕೇಳಿದರೆ ಕಾರಣ ಬರೆದುಕೊಡಬೇಕು. ಇಲ್ಲಿ ಕಾನೂನೇ ಗೌಪ್ಯವೆನ್ನದ, ಸೀಲು ಮಾಡದ ಯಾವ ಕಡತವೂ ತೆರೆದೇ ಇರುತ್ತದೆ ಎಂಬುದು ನಿಯಮ. ಕೌಟುಂಬಿಕ, ಕ್ರಿಮಿನಲ್ ಮೊದಲಾದ ಕೆಲವು ಬಗೆಯ ಕೇಸುಗಳ ಕಾಗದಗಳು ಮನೆಯಲ್ಲಿ ಕೂತು ನೋಡಲು ಸಿಗುವುದಿಲ್ಲ, ಕಟ್ಟಡಕ್ಕೇ ಬರಬೇಕು. ಅಷ್ಟೇ ಅಡ್ಡಗೋಡೆ.

ಮೂರು ಕಡತ ಓದಿದೆ. ಮೂವರು ಅಪರಿಚಿತರು, ಮೂರೂ ಅಡ್ವಾನ್ಸಿನ ಜಗಳ. ಒಬ್ಬರು ನಾಲ್ಕು ಸಾಲಿನಲ್ಲಿ ವಿಷಯ ಮುಗಿಸಿದ್ದರು, ಗೆದ್ದಿದ್ದರು. ಇನ್ನೊಬ್ಬರು ಹೆಚ್ಚುವರಿ ಹಾಳೆಗಳಲ್ಲಿ ಮಾಲೀಕನ ಗುಣಸ್ವಭಾವವನ್ನೆಲ್ಲ ವರ್ಣಿಸಿದ್ದರು, ಅರ್ಧ ಮಾತ್ರ ಸಿಕ್ಕಿತ್ತು. ಅದನ್ನು ನೋಡಿ, ವಿಚಾರಣೆಯ ದಿನ ಓದಲು ಇಟ್ಟುಕೊಂಡಿದ್ದ ಎರಡು ಪುಟದ ಭಾಷಣವನ್ನು ಅಲ್ಲೇ ಹರಿದೆ.

ಮೂರನೆಯದು 2017ರದು. ಬಾಡಿಗೆದಾರಳ ವಿಳಾಸ ನೋಡಿ ಕಣ್ಣು ನಿಂತಿತು: ನಮ್ಮದೇ ಮನೆ. ನಾನು ನಾಲ್ಕು ವರ್ಷ ಸ್ನಾನ ಮಾಡಿದ ಅದೇ ಬಚ್ಚಲಿನ ಮನೆ. ಆಕೆಯ ಕೇಸಿಗೆ ಮಾಲೀಕ ಎದುರು ದಾವೆ ಹಾಕಿದ್ದ. ಪ್ರಮಾಣ ಮಾಡಿ ಸಹಿ ಹಾಕುವ ಆ ನಮೂನೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: 2013ರಲ್ಲಿ ಹೊಸದಾಗಿ ಹಾಸಿದ ಕಾರ್ಪೆಟ್ಟಿನ ಮೇಲೆ ಈಕೆ ಕಲೆ ಮಾಡಿದ್ದಾಳೆ, ತೊಳೆಸಿದ ಖರ್ಚು ಕೊಡಿಸಿ. ತೊಳೆಸಿದ. ಬದಲಾಯಿಸಿದ್ದಲ್ಲ. ಹಾಗಾದರೆ ನಾವು ಬಿಟ್ಟಾಗ ಆ ಕಾರ್ಪೆಟ್ಟಿಗೆ 11 ವರ್ಷ.

ನಕಲು ಪುಟಕ್ಕೆ 50 ಸೆಂಟು. ಐದು ಪುಟಕ್ಕೆ ಎರಡೂವರೆ ಡಾಲರ್. ಆದರೆ ಸೀಲಿಲ್ಲದ ಕಾಗದವನ್ನು ಜಡ್ಜ್ ಮುಂದೆ ಇಡುವುದೇ? ಅಪ್ಪನ ಮಗ ನಾನು. ದೃಢೀಕರಣಕ್ಕೆ ಇನ್ನೂ 40 ಡಾಲರ್ ಕೊಟ್ಟೆ. ಆಮೇಲೆ ಆ ಸೀಲನ್ನು ಯಾರೂ ತಿರುಗಿ ನೋಡಲಿಲ್ಲ.

ಇನ್ನೊಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ಅಡ್ವಾನ್ಸ್ ಕೊಟ್ಟದ್ದಕ್ಕೆ ಸಾಕ್ಷಿಯಾಗಿ ನನ್ನ ಬ್ಯಾಂಕ್ ಚೆಕ್ಕಿನ ಪ್ರತಿಯನ್ನು ತಿದ್ದುಪಡಿಯ ಜೊತೆ ಲಗತ್ತಿಸಲು ಹೊರಟಿದ್ದೆ, ಖಾತೆ ನಂಬರಿನ ಸಮೇತ. ಸಲಹೆಗಾರ್ತಿ ತಡೆದರು. ಖಾತೆಯಾಗಲಿ ಸೋಷಿಯಲ್ ಸೆಕ್ಯುರಿಟಿಯಾಗಲಿ ಕೊನೆಯ 4 ಅಂಕಿ ಮಾತ್ರ ಬಿಟ್ಟು ಉಳಿದದ್ದನ್ನು ಮಸಿ ಬಳಿದು ಕೊಡಬೇಕಾದದ್ದು ಸಲ್ಲಿಸುವವನ ಹೊಣೆ. ಗುಮಾಸ್ತರು ಅದನ್ನು ಪರೀಕ್ಷಿಸುವುದಿಲ್ಲ. ಬೇರೆಯವರ ಕಡತವನ್ನು ನಾನು ಓದಿದ ಹಾಗೆ ನನ್ನದನ್ನೂ ಯಾರಾದರೂ ಓದುತ್ತಾರೆ ಎಂಬುದು ಆ ಗಳಿಗೆಯವರೆಗೆ ತಲೆಗೇ ಹೋಗಿರಲಿಲ್ಲ.

ನೋಟಿಸು ಜಾರಿಯದು ಇನ್ನೊಂದು ಕಥೆ. ವಾದಿ ತಾನೇ ಕೊಡುವಂತಿಲ್ಲ. ಶೆರಿಫ್ ಕಚೇರಿಗೋ ಹಣ ಪಡೆದು ಜಾರಿ ಮಾಡುವವರಿಗೋ ಕೊಡಬಹುದು. ಇಲ್ಲವೇ ಕೇಸಿಗೆ ಸಂಬಂಧವಿಲ್ಲದ, 18 ತುಂಬಿದ ಯಾರಾದರೂ ಸಾಕು. ನಮ್ಮಲ್ಲಿ ಅಮೀನ ಮಾಡುವ ಕೆಲಸವನ್ನು ಇಲ್ಲಿ ಗೆಳೆಯ ಮಾಡಬಹುದು. ಕನ್ನಡ ಬಳಗದ ಗೆಳೆಯನೊಬ್ಬನನ್ನು ಕೇಳಿದೆ. "ಏ ಮಾರಾಯಾ, ನನ್ನ ವೀಸಾಗೆ ಏನಾದ್ರೂ ಆದ್ರೆ?" ಎಂದ. ಕಾಗದ ಕೊಟ್ಟು ಬಂದರೆ ವೀಸಾ ಹೋಗುವುದಿಲ್ಲ ಎಂದು ಎರಡು ದಿನ ಒಪ್ಪಿಸಬೇಕಾಯಿತು. ಕೌಂಟಿಯೊಳಗಿನ ಪ್ರತಿವಾದಿಯಾದರೆ ವಿಚಾರಣೆಗೆ ಕನಿಷ್ಠ 15 ದಿನ ಮೊದಲು ಕೈಗೆ ಕೊಟ್ಟಿರಬೇಕು. ಅವನು 17 ದಿನ ಮೊದಲೇ ಕೊಟ್ಟು ಬಂದು, ಜಾರಿ ಮಾಡಿದ್ದಕ್ಕೆ ಪುರಾವೆಯಾದ ಎಸ್‌ಸಿ-104 ನಮೂನೆಗೆ ಸಹಿ ಹಾಕುವಾಗ ಮೂರು ಸಲ ಓದಿದ.

ನವೆಂಬರಿನಲ್ಲಿ ವಿಚಾರಣೆ. ಈ ಕೋರ್ಟಿನಲ್ಲಿ ಯಾರ ಪರವಾಗಿಯೂ ವಕೀಲರು ನಿಲ್ಲುವಂತಿಲ್ಲ. ಅಪ್ಪನಿಗೆ ಇದನ್ನು ಹೇಳಿದರೆ, "ವಕೀಲರಿಲ್ಲದ ಕೋರ್ಟು ಎಂಥದೋ ಅದು?" ಎಂದು ನಕ್ಕಿದ್ದರು. ಅವತ್ತು ಕೂತಿದ್ದವರು ತಾತ್ಕಾಲಿಕ ನ್ಯಾಯಾಧೀಶರು, ವೃತ್ತಿಯಿಂದ ವಕೀಲರು; ಒಪ್ಪಿಗೆಯೇ ಎಂದು ಮೊದಲೇ ಕೇಳಿದರು. ಬೇಡವೆಂದರೆ ಇನ್ನೊಂದು ತಾರೀಖು. ತಾರೀಖು ಎಂದ ಕೂಡಲೇ ನಾನು ಒಪ್ಪಿಬಿಟ್ಟೆ.

ನನ್ನ ಸರದಿ ಹತ್ತು ನಿಮಿಷವೂ ಇರಲಿಲ್ಲ. ಕಂಪನಿಯ ಮ್ಯಾನೇಜರು ರಸೀತಿ ತೋರಿಸಿದ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿ, "ಕಾರ್ಪೆಟ್ಟಿನ ವಯಸ್ಸೆಷ್ಟು?" ಎಂದರು. ಐದಾರು ವರ್ಷ ಇರಬಹುದು ಎಂದ ಅವನು. ನಾನು 2017ರ ಕಾಗದ ಮುಂದಿಟ್ಟೆ. ಅವರು ಓದಿ ಅವನಿಗೆ ದಾಟಿಸಿದರು. ಅವನು ಓದಿ ಮೇಜಿನ ಮೇಲಿಟ್ಟ. ನಾನು ಇನ್ನೇನೋ ಹೇಳಲು ಬಾಯಿ ತೆರೆದೆ. "ಸಾಕು," ಎಂದರು.

ತೀರ್ಪು ಅಂಚೆಯಲ್ಲಿ ಬಂತು. ಕಾರ್ಪೆಟ್ಟಿನ 1,900 ಪೂರ್ತಿ, ಬಣ್ಣದ ಅರ್ಧ 225, ಜೊತೆಗೆ ಸಲ್ಲಿಕೆಯ ಶುಲ್ಕ 75. ದಂಡ ಒಂದು ಕಾಸೂ ಇಲ್ಲ. ಇದು ನನಗೆ ಇವತ್ತಿಗೂ ಸರಿ ಕಂಡಿಲ್ಲ. ಎಂಟು ದಿನ ತಡ ಮಾಡಿದ್ದು, ತಾನೇ ಬರೆದುಕೊಟ್ಟ ಇಸವಿಯನ್ನು ಮರೆತದ್ದು ದುರುದ್ದೇಶವಲ್ಲದಿದ್ದರೆ ಮತ್ತೇನು? ಆದರೆ ಸ್ಮಾಲ್ ಕ್ಲೇಮ್ಸಿನಲ್ಲಿ ದಾವೆ ಹಾಕಿದವನಿಗೆ ಅಪೀಲು ಇಲ್ಲ. ಆ ಬಾಗಿಲು ತೆರೆದಿರುವುದು ಪ್ರತಿವಾದಿಗೆ ಮಾತ್ರ, 30 ದಿನ. ಆ 30 ದಿನ ಅಂಚೆ ಡಬ್ಬಿ ತೆರೆಯುವಾಗಲೆಲ್ಲ ಎದೆ ಡವಡವ ಅನ್ನುತ್ತಿತ್ತು. ಅಪೀಲು ಬರಲಿಲ್ಲ, 2,200ರ ಚೆಕ್ಕು ಬಂತು. ಹಣ ಸಂದಾಯವಾಯಿತೆಂದು ಕೋರ್ಟಿಗೆ ಬರೆದುಕೊಟ್ಟೆ.

ಊರಿನಲ್ಲಿ ಇನ್ನೂ ನಡೆಯುತ್ತಿರುವ ಅಪ್ಪನ ದಾವೆಯ 16 ಅಕ್ಷರದ ಸಿಎನ್‌ಆರ್ ನಂಬರನ್ನು ಈಗ ಅಲ್ಲಿಯ ಕೋರ್ಟುಗಳ ಇಕೋರ್ಟ್ಸ್ ಆ್ಯಪಿನಲ್ಲಿ ಹಾಕಿಟ್ಟುಕೊಂಡಿದ್ದೇನೆ. ಮುಂದಿನ ತಾರೀಖು ಅಪ್ಪನಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಹೇಳಿದರೆ, "ನಿನಗೆ ಯಾರು ಹೇಳಿದ್ದು?" ಎಂದು ಅನುಮಾನದಿಂದ ಕೇಳುತ್ತಾರೆ.

ಕಳೆದ ವರ್ಷ ಒಂದು ಸಂಜೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಹೆಂಗಸಿನ ದನಿ, ವಿಯೆಟ್ನಾಮಿನವರ ಉಚ್ಚಾರಣೆ. ನನ್ನ ನಂಬರು ಕೋರ್ಟಿನ ಕಡತದಲ್ಲಿ ಸಿಕ್ಕಿತೆಂದು ಹೇಳಿ ಕ್ಷಮೆ ಕೇಳಿದರು. ನಮ್ಮ ಮೇಲಿನ ಮಹಡಿಯಲ್ಲಿದ್ದವರಂತೆ, ಈಗ ಮನೆ ಬಿಟ್ಟಿದ್ದಾರೆ. ಒಂದೇ ಒಂದು ವಿಷಯ ಕೇಳಬೇಕಿತ್ತು ಎಂದರು: 2013ರಲ್ಲಿ ಇಡೀ ಕಟ್ಟಡಕ್ಕೆ ಕಾರ್ಪೆಟ್ಟು ಹಾಕಿಸಿದ್ದೋ, ನಿಮ್ಮ ಮನೆಗೆ ಮಾತ್ರವೋ?