ಹಳೆಯ ಫೋರ್ ವೀಲ್ ಡ್ರೈವ್ ವಾಹನ ಕೆಟ್ಟಾಗ: ಮಾಲೀಕರ ಹಕ್ಕು, ಹೊಣೆ ಮತ್ತು ದೂರಿನ ದಾರಿ

ಫೋರ್ ವೀಲ್ ಡ್ರೈವ್ ವಾಹನದಲ್ಲಿ ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳೆರಡಕ್ಕೂ ಹಂಚುವುದು ಟ್ರಾನ್ಸ್‌ಫರ್ ಕೇಸ್. ಉಡುಪಿ ಜಿಲ್ಲೆಯ ಗಂಗೊಳ್ಳಿ ಬಂದರಿನ ಉಪ್ಪುಗಾಳಿ, ಮೀನಿನ ನೀರು ತಾಗಿದ ವಾಹನಗಳ ತಳಭಾಗ ಬೇಗ ತುಕ್ಕು ಹಿಡಿಯುತ್ತದೆ. ಕೊಲ್ಲೂರು ಕಡೆಯಿಂದ ಕೊಡಚಾದ್ರಿ ಹತ್ತುವ ಜೀಪುಗಳ ಶಾಫ್ಟು, ಜಾಯಿಂಟುಗಳು ಕೆಸರು ಕಲ್ಲುಗಳಲ್ಲಿ ಸವೆಯುತ್ತವೆ. ವಯಸ್ಸಿನಿಂದಾದ ಸವೆತಕ್ಕೆ ಗ್ಯಾರೇಜು ಹೊಣೆಯಲ್ಲ; ಹಣ ಪಡೆದು ಮಾಡಿದ ದುರಸ್ತಿಯ ಲೋಪಕ್ಕೆ ಮಾತ್ರ ಅದು ಹೊಣೆ. ಇವೆರಡರ ನಡುವಿನ ಗೆರೆಯನ್ನು ತೋರಿಸುವುದು ಕಾಗದಪತ್ರ.

ಗ್ಯಾರೇಜಿಗೆ ಬಿಡುವಾಗ

ಜಾಬ್ ಕಾರ್ಡಿನಲ್ಲಿ ‘ಫೋರ್ ವೀಲ್ ಕೆಲಸ’ ಎಂದಷ್ಟೇ ಬರೆದರೆ ಸಾಲದು. ‘ಫೋರ್ ವೀಲ್ ಹಾಕಿದಾಗ ಮುಂದಿನ ಚಕ್ರ ಎಳೆಯುತ್ತಿಲ್ಲ, ಟ್ರಾನ್ಸ್‌ಫರ್ ಕೇಸಿನ ಅಡಿ ಆಯಿಲ್ ಸೋರುತ್ತಿದೆ’ ಎಂದು ದೋಷವನ್ನು ಬಿಡಿಸಿ ಬರೆಸಬೇಕು. ಓಡಿದ ಕಿಲೋಮೀಟರ್, ದಿನಾಂಕ, ಅಂದಾಜು ವೆಚ್ಚವೂ ಅದರಲ್ಲಿರಬೇಕು. ತೆಗೆದ ಹಳೆಯ ಬಿಡಿಭಾಗವನ್ನು ಕೇಳಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಅದೇ ಸಾಕ್ಷ್ಯವಾಗುತ್ತದೆ.

ಕಾನೂನು ಏನು ಹೇಳುತ್ತದೆ

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಬಿಲ್ ಕೊಡದಿರುವುದು, ರೀಕಂಡೀಷನ್ ಮಾಡಿದ ಭಾಗವನ್ನು ಹೊಸದೆಂದು ಮಾರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಭಾಗವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಾಗಿರದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಅದೇ ಸಾಲಿಗೆ ಸೇರುತ್ತದೆ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಜೀಪು ಓಡಿಸುವ ಮಾಲೀಕ ಈ ಕಾಯ್ದೆಯಡಿ ಗ್ರಾಹಕನೇ.

ಕೂಲಿ ಬಾಕಿಯಿದ್ದರೆ ವಾಹನವನ್ನು ತಡೆದಿಟ್ಟುಕೊಳ್ಳುವ ಹಕ್ಕನ್ನು ಭಾರತೀಯ ಕರಾರು ಕಾಯ್ದೆ, 1872ರ 170ನೇ ಕಲಂ ಗ್ಯಾರೇಜಿಗೆ ಕೊಡುತ್ತದೆ. ಆದ್ದರಿಂದ ಬಿಲ್ಲಿನ ಬಗ್ಗೆ ಜಗಳವಿದ್ದರೆ ‘ತಕರಾರು ಕಾಯ್ದಿರಿಸಿ ಪಾವತಿಸಲಾಗಿದೆ’ ಎಂದು ಬರೆದು, ಹಣ ಕಟ್ಟಿ ವಾಹನ ಬಿಡಿಸಿಕೊಂಡು, ಆಮೇಲೆ ದೂರು ಕೊಡುವುದು ಕ್ಷೇಮ.

ಮಾಲೀಕರ ಹೊಣೆ

ಅಪಾಯಕಾರಿ ದೋಷ ಗೊತ್ತಿದ್ದೂ ವಾಹನವನ್ನು ರಸ್ತೆಗಿಳಿಸಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ 1,500 ರೂಪಾಯಿವರೆಗೆ ದಂಡ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಜೋತುಬಿದ್ದ ಪ್ರೊಪೆಲ್ಲರ್ ಶಾಫ್ಟನ್ನು ತಂತಿಯಲ್ಲಿ ಕಟ್ಟಿ ಘಾಟಿ ಇಳಿಸುವುದು ಜನರ ಪ್ರಾಣದ ಪ್ರಶ್ನೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ತಪಾಸಣೆಯ ನಂತರ 5 ವರ್ಷಕ್ಕೆ ನವೀಕರಣ ಸಿಗುತ್ತದೆ. ಉಡುಪಿ ಜಿಲ್ಲೆಯ ಕೆಎ-20 ವಾಹನಗಳಿಗೆ ಇದು ಉಡುಪಿ ಪ್ರಾದೇಶಿಕ ಸಾರಿಗೆ ಕಚೇರಿಯ ಕೆಲಸ. ಸಾಮಾನ್ಯ ವಿಮೆ ಯಾಂತ್ರಿಕ ಕೆಡುಕಿಗೂ ಸವೆತಕ್ಕೂ ಹಣ ಕೊಡುವುದಿಲ್ಲ.

ದೂರಿನ ಕ್ರಮ

ಮೊದಲು ಗ್ಯಾರೇಜಿಗೆ ಲಿಖಿತ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ ದೂರು ದಾಖಲಿಸಬಹುದು. ಅದರಿಂದ ಬಗೆಹರಿಯದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬೇಕು. ರಿಪೇರಿ ನಡೆದದ್ದು ಮಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಆಗಿದ್ದರೂ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಅವಕಾಶ ಕೊಡುತ್ತದೆ.

ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ 2 ವರ್ಷಗಳ ಕಾಲಮಿತಿಯಿದೆ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ವಕೀಲರ ನೇಮಕ ಕಡ್ಡಾಯವಲ್ಲ. ಜಾಬ್ ಕಾರ್ಡ್, ಬಿಲ್, ಫೋಟೋಗಳ ಜತೆಗೆ ಇನ್ನೊಬ್ಬ ಅನುಭವಿ ಮೆಕ್ಯಾನಿಕ್ ಅಥವಾ ಎಂಜಿನಿಯರಿನ ಲಿಖಿತ ವರದಿ ಇದ್ದರೆ ದೂರಿಗೆ ಬಲ ಬರುತ್ತದೆ. ಲೋಪವನ್ನು ರುಜುವಾತುಪಡಿಸುವ ಹೊಣೆ ದೂರುದಾರನದು. ಎದುರು ಪಕ್ಷಕ್ಕೆ ನೋಟಿಸು ತಲುಪಿದ 3 ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ದೂರು ಇತ್ಯರ್ಥವಾಗಬೇಕೆಂಬುದು ಕಾಯ್ದೆಯ ಆಶಯ. ದೋಷ ನಿವಾರಣೆ, ಹಣ ವಾಪಸಾತಿ, ಪರಿಹಾರ ಕೊಡಿಸುವ ಅಧಿಕಾರ ಆಯೋಗಕ್ಕಿದೆ. ಆದೇಶ ಒಪ್ಪಿಗೆಯಾಗದಿದ್ದರೆ 45 ದಿನಗಳೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.